ಬಿಳಿ ಅಂಗಿಯ ಹುಡುಗಿಯ ಊರು

"ಸ್ವಲ್ಪ ನಿಲ್ಲಿಸ್ರೀ, ಆ ಹುಡುಗಿ ಏನೋ ಹೇಳ್ತಿದ್ಲು" ಎಂದಳು ಉಷಾರಾಣಿ.

ಶಿವಕುಮಾರ್ ತಿರುಗಿ ನೋಡಿದ. ತವರೂರು ಗಂಡಸಿಯಿಂದ ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಹೆಂಡತಿ ತಾನಾಗಿ ಆಡಿದ ಮೊದಲ ಮಾತು ಅದು. ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುತ್ತಿದ್ದಳು. ಅವನೂ ಹೆಚ್ಚು ಕೇಳುವವನಲ್ಲ. ಸಂಜೆ ಕೊಬ್ಬರಿ ಮಂಡಿ ಮುಚ್ಚಿ ಬಂದರೆ ಟಿವಿ ಮುಂದೆ ವಿಡಿಯೋ ಗೇಮ್ ಹಚ್ಚಿ ಕೂರುವನು. ಅವಳು ಹಿಂದೆ ಕೂತು ಅವರೆಕಾಯಿ ಬಿಡಿಸುವಳು.

ಜಪಾನಿನವರು ಮಾಡಿದ ಆಟ. ಕತ್ತಿ ಹಿಡಿದ ಯುವಕನೊಬ್ಬ ಗೆಳೆಯರ ಜೊತೆ ಊರೂರು ಅಲೆಯುತ್ತಾನೆ, ದಾರಿಯಲ್ಲಿ ರಾಕ್ಷಸರನ್ನು ಎದುರಿಸುತ್ತಾನೆ. ಶಿವಕುಮಾರ್‌ಗೆ ಕಾದಾಟ ಸಾಕಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮಾತು ಮೂಡಿದರೆ ಗುಂಡಿ ಒತ್ತಿ ದಾಟಿಬಿಡುತ್ತಿದ್ದ. ಬಿ.ಎ. ಓದಿದ್ದ ಉಷಾರಾಣಿ ಅದನ್ನೆಲ್ಲ ಓದಿಕೊಳ್ಳುತ್ತಿದ್ದಳು. ಆ ಗೆಳೆಯರ ಗುಂಪಿನ ಬಿಳಿ ಅಂಗಿಯ ಹುಡುಗಿಗೆ ಊರು ಬಿಟ್ಟು ಬಂದ ಸಂಕಟವಿದೆ, ಕತ್ತಿಯವನಿಗೆ ಹೇಳಿಕೊಳ್ಳಲು ಆಗಿನಿಂದ ನೋಡುತ್ತಿದ್ದಾಳೆ ಎಂದಳು. ಅವನಿಗೆ ಆಶ್ಚರ್ಯವಾಯಿತು. ಅವನ ಲೆಕ್ಕದಲ್ಲಿ ಆ ಹುಡುಗಿ ಕಾದಾಟದಲ್ಲಿ ಗಾಯ ಮಾಯಿಸುವವಳು, ಅಷ್ಟೇ.

ಅಂದಿನಿಂದ ಇಬ್ಬರೂ ಸೇರಿ ಆಡಿದರು. ಅವಳು ಓದಿ ಕನ್ನಡದಲ್ಲಿ ಹೇಳುವಳು, ಅವನು ನಡೆಸುವನು. ಎದುರಾದ ಪ್ರತಿ ಮನೆ ಹೊಕ್ಕರು. ಬಾವಿಕಟ್ಟೆಯ ಮುದುಕಿಯನ್ನು ಮಾತಾಡಿಸಿದರು. ಕಾಡಿನ ಕಾಲುದಾರಿ ಎಲ್ಲಿಗೆ ಹೋಗುತ್ತದೋ ನೋಡೋಣವೆಂದು ಸುಮ್ಮನೆ ನಡೆದರು. ದೊಡ್ಡ ರಾಕ್ಷಸ ಕಾಯುತ್ತಲೇ ಇದ್ದ. ಸೊಸೆ ನಗುವುದು ಕೇಳಿ ಅತ್ತೆ ವಿಶಾಲಮ್ಮ ಒಗ್ಗರಣೆ ಹಾಕುವುದನ್ನು ತಡೆದು ಅಡುಗೆಮನೆಯಿಂದ ಇಣುಕಿದರು.

ಒಂದು ಸಂಜೆ, ಆಟದಲ್ಲಿ ಹಡಗು ಹತ್ತಿದಾಗ, ಬಿಳಿ ಅಂಗಿಯ ಹುಡುಗಿ ಒಂಟಿಯಾಗಿ ಕಡಲು ನೋಡುತ್ತ ನಿಂತಿದ್ದಳು. ಆರಿಸಿಕೊಳ್ಳಲು ಪರದೆಯ ಮೇಲೆ ಎರಡು ಸಾಲು ಬಂದವು. ನಾಳೆ ಮಾತಾಡೋಣ ಎನ್ನಬಹುದು, ಇಲ್ಲವೇ ನಿನ್ನ ಊರಿನ ಬಗ್ಗೆ ಹೇಳು ಎನ್ನಬಹುದು. ಶಿವಕುಮಾರ್ ಯಾರನ್ನೂ ಕೇಳದೆ ಎರಡನೆಯದನ್ನು ಆರಿಸಿದ.

ಹುಡುಗಿ ಉತ್ತರ ಕೊಟ್ಟಳು. ಉಷಾರಾಣಿ ಓದಿ ಹೇಳತೊಡಗಿದಳು. "ಅವರೂರಲ್ಲಿ ಒಂದು ಕೆರೆ ಐತಂತೆ. ಏರಿ ಮೇಲೆ ಹುಣಸೆಮರ. ಸಂಜೆ ಅವರಪ್ಪ ಏರಿ ಮೇಲೆ ಸೈಕಲ್ ಬೆಲ್ ಹೊಡ್ಕೊಂಡು ಬಂದ್ರೆ ಮನೆಗೇ ಕೇಳಿಸ್ತಿತ್ತಂತೆ. ಇವಳು ಓಡಿ ಹೋಗಿ…"

ಹುಡುಗಿಯ ಉತ್ತರವೆಂದು ಪರದೆಯ ಮೇಲಿದ್ದದ್ದು ಎರಡೇ ಸಾಲು. ಕತ್ತಿ, ಕುದುರೆಗಳ ಆ ಲೋಕದಲ್ಲಿ ಎಲ್ಲೂ ಸೈಕಲ್ ಇಲ್ಲವೆಂದು ಶಿವಕುಮಾರ್‌ಗೆ ಚೆನ್ನಾಗಿ ಗೊತ್ತಿತ್ತು.

ಅವನು ಟಿವಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿ ಕೂತ.

"ಓಡಿ ಹೋಗಿ?" ಎಂದು ಕೇಳಿದ.