ಸಹಿ ಹಾಕದ ನಾಗವೇಣಿ

ವಿಮಾನ ಹೊರಡಲು ಒಪ್ಪಿಗೆಯ ಸಹಿ ಹಾಕುವವರೇ ಡಿಸ್ಪ್ಯಾಚರ್. ಆ ಕೆಲಸದ ಲಿಖಿತ ಪರೀಕ್ಷೆಯಲ್ಲಿ ನಾಗವೇಣಿ ಪಾಸಾಗಿದ್ದಳು, ಮೌಖಿಕ ಬಾಕಿಯಿತ್ತು. ಪರೀಕ್ಷಕರು ಪೈಲಟ್ ವೇಷದಲ್ಲೇ ಬಂದು ಹೆದರಿಸುತ್ತಾರೆ, ಬಗ್ಗಬೇಡ ಎಂದು ಗೆಳತಿ ಎಚ್ಚರಿಸಿದ್ದಳು.

ನಿಲ್ದಾಣದ ಡಿಸ್ಪ್ಯಾಚ್ ಕೋಣೆಯಲ್ಲಿ ಮೌಖಿಕ ಪರೀಕ್ಷೆಗಾಗಿ ಒಬ್ಬಳೇ ಕಾಯುತ್ತಿದ್ದಾಗ ಸಮವಸ್ತ್ರದ ಕ್ಯಾಪ್ಟನ್ ಒಬ್ಬರು ನುಗ್ಗಿ ಬಂದು ಕಾಗದ ಚಾಚಿದರು.

"ಬೆಳಗಾವಿ ವಿಮಾನ. ಬೇಗ ಸಹಿ ಹಾಕಮ್ಮ."

ನಾಗವೇಣಿ ಕಾಗದವನ್ನು ಪೂರ್ತಿ ಓದಿದಳು. "ಆಗಲ್ಲ ಸರ್. ಬೆಳಗಾವೀಲಿ ದಟ್ಟ ಮಂಜಿದೆ. ಅಲ್ಲಿ ಇಳಿಯೋಕಾಗದೆ ಹುಬ್ಬಳ್ಳಿಗೆ ಹೋಗ್ಬೇಕಾದ್ರೆ ಇಂಧನ ಸಾಲಲ್ಲ."

"ನಾನು ವಿಮಾನ ಹಾರಿಸೋಕೆ ಶುರು ಮಾಡಿದಾಗ ನೀನಿನ್ನೂ ಹುಟ್ಟಿರ್ಲಿಲ್ಲ."

"ಹಾರಿಸೋದು ಸರಿ ಸರ್. ಇಳಿಸೋದು ಎಲ್ಲಿ?"

ಕ್ಯಾಪ್ಟನ್ ರೇಗಿದರು, ಗದರಿದರು, ಕೈಯನ್ನೂ ಮುಗಿದರು. ಅವಳು ಜಗ್ಗಲಿಲ್ಲ. ಕೊನೆಗೆ "ಇವತ್ತು ವಿಮಾನವೇ ಇಲ್ಲ ಬಿಡು" ಎಂದು ಕಾಗದ ಹರಿದೆಸೆದು, ಬಾಗಿಲು ಬಡಿದುಕೊಂಡು ಹೋದರು. ಎಂಥ ನಟನೆ ಎಂದು ನಾಗವೇಣಿ ಮನಸ್ಸಿನಲ್ಲೇ ಮೆಚ್ಚಿಕೊಂಡಳು.

ಅಷ್ಟರಲ್ಲಿ ಟೈ ಸರಿಪಡಿಸಿಕೊಳ್ಳುತ್ತ ಹಿರಿಯರೊಬ್ಬರು ಏದುಸಿರು ಬಿಡುತ್ತಾ ಒಳಗೆ ಬಂದರು.

"ತಡ ಆಯ್ತು, ಕ್ಷಮಿಸಮ್ಮ. ನಿನ್ನ ಪರೀಕ್ಷಕ ನಾನೇ. ಬೇಗ ಮುಗಿಸೋಣ, ನಾನು ಬೆಳಗಾವಿ ವಿಮಾನ ಹಿಡೀಬೇಕು."