ಮನೆಗೆ ಉಬ್ಬಸ

ಊರಿನ ಮನೆಗಳೆಲ್ಲ ಉಸಿರಾಡತೊಡಗಿ ಹತ್ತು ವರ್ಷವಾಗಿತ್ತು. ನಮ್ಮ ಮನೆಗೆ ಉಬ್ಬಸ ಹತ್ತಿದ್ದು ಈ ಶ್ರಾವಣದಲ್ಲಿ. ನನ್ನ ಬೆಕ್ಕಿನ ಕೂದಲೇ ಕಾರಣವೆಂದು ಅತ್ತೆ ಅಂಬುಜಮ್ಮ ತೀರ್ಪು ಕೊಟ್ಟು, ಅದನ್ನು ನನ್ನ ತವರಿಗೆ ಗಡೀಪಾರು ಮಾಡಿದರು. ಉಬ್ಬಸ ಹೆಚ್ಚಿತು. ಧೂಳೆಂದು ನನ್ನ ಹತ್ತಿ ಹಾಸಿಗೆ ಹೋಯಿತು, ಪರಾಗವೆಂದು ನನ್ನ ಸೇವಂತಿಗೆ ಕುಂಡಗಳೂ ಹೋದವು. ಕೊನೆಗೆ ಮನೆಗಳ ಡಾಕ್ಟರು ಬಂದು ನಡುಮನೆಯ ಗೋಡೆಗೆ ಸ್ಟೆತಸ್ಕೋಪ್ ಇಟ್ಟರು.

"ದಿನಾ ಸಾಂಬ್ರಾಣಿ ಹಾಕ್ತೀರಾ ಅಮ್ಮಾ?"

"ಎರಡು ಹೊತ್ತೂ ಹಾಕ್ತೀನಿ. ದೇವರ ಹೊಗೆ ಏನ್ ಮಾಡುತ್ತೆ?"

"ಅದೇ ಕಾರಣ. ಇನ್ನು ಹೊಗೆ ಬೇಡ."

ಅತ್ತೆ ಒಪ್ಪಿದರು. ಡಾಕ್ಟರು ಗೇಟು ದಾಟುತ್ತಲೇ, ಮನೆಗೆ ಅವರ ದೃಷ್ಟಿಯಾಗಿದೆಯೆಂದು ಹಿಡಿ ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಸುರಿದರು.

ಮನೆ ಒಂದೇ ಸೀನಿಗೆ ನಮ್ಮಿಬ್ಬರನ್ನೂ ಬೀದಿಗೆ ಎಸೆಯಿತು.

ಬಿದ್ದಲ್ಲಿಂದಲೇ ಅತ್ತೆ ಅಂದರು: "ನೋಡಿದ್ಯಾ, ಎಂಥಾ ಕೆಟ್ಟ ಕಣ್ಣು ಆ ಡಾಕ್ಟರದ್ದು!"