ಎಡಗಾಲಿಗೆ ಎರಡು ರೂಪಾಯಿ

ನಾಲ್ಕನೆಯ ಪೆಟ್ಟಿಗೆಯಲ್ಲೂ ಎಡಗಾಲಿನ ಚಪ್ಪಲಿಗಳೇ ಬಂದವು. ಸ್ಟ್ಯಾನಿಸ್ಲಾಸ್ ಐದನೆಯದನ್ನು ನೆಲಕ್ಕೆ ಸುರಿದ. ಅದರಲ್ಲೂ ಎಡಗಾಲೇ. ಕಾಪು ಪೇಟೆಯ ಹಿಂಬದಿಯಲ್ಲಿದ್ದ ಅವನ ಚಪ್ಪಲಿ ಶೆಡ್ಡಿನಲ್ಲಿ ನಾಲ್ಕು ಹೊಲಿಗೆ ಮಷೀನುಗಳೂ ಒಮ್ಮೆಲೇ ನಿಂತವು.

"ಎಂತ ಇದು? ಬಲಗಾಲಿನದ್ದು ಎಲ್ಲಿ ಉಂಟು?"

ಉಳಿದ ಮೂವರು ಆಪರೇಟರುಗಳು ಹನುಮವ್ವನ ಮುಖ ನೋಡಿದರು. ಬಾಗಲಕೋಟೆ ಕಡೆಯಿಂದ ಬಂದ ಹೆಂಗಸು ಅವಳು. ಗಂಡ ಬಾಲಪ್ಪ ಮಣಿಪಾಲದ ಕಟ್ಟಡವೊಂದರಿಂದ ಜಾರಿ ಬಿದ್ದು ಕೈ ಮುರಿದುಕೊಂಡ ಮೇಲೆ ಮನೆಯ ಒಲೆ ಅವಳ ಮಷೀನಿನಿಂದಲೇ ಉರಿಯುತ್ತಿತ್ತು. ಮುಖದಲ್ಲಿ ಏನೂ ಅರಿಯದ ಕಳೆ ತಂದುಕೊಂಡಳು.

"ಬಲಗಾಲಿಂದು ಹೊಲಿದಿಲ್ರೀ ಸಾಹುಕಾರ್ರ. ಅದು ಎರಡನೇದಲ್ಲೇನ್ರೀ?"

ಸೋಮವಾರ ಬೆಳಿಗ್ಗೆ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸ್ಟ್ಯಾನಿಸ್ಲಾಸನೇ ಸುಣ್ಣದ ಕಡ್ಡಿಯಲ್ಲಿ ಬರೆದಿದ್ದ: 'ಜೊತೆಯಲ್ಲಿ ಮೊದಲನೆಯದಕ್ಕೆ ಎರಡು ರೂಪಾಯಿ, ಎರಡನೆಯದಕ್ಕೆ ಒಂದು ರೂಪಾಯಿ.' ಅದುವರೆಗೆ ಎಡಕ್ಕೂ ಬಲಕ್ಕೂ ಎರಡೆರಡು ರೂಪಾಯಿ ಸಿಗುತ್ತಿತ್ತು. "ಒಂದು ಕಾಲಿನದ್ದು ಹೊಲಿದ ಮೇಲೆ ಕೈ ಪಳಗಿರ್ತದೆ. ಮತ್ತೆ ಎರಡನೆಯದಕ್ಕೆ ಅಷ್ಟೇ ಮಜೂರಿ ಯಾಕೆ?" ಎಂದು ವಾದ ಹೂಡಿದ್ದ. ಹದಿನಾಲ್ಕು ವರ್ಷ ಗಲ್ಫಿನಲ್ಲಿದ್ದು ಬಂದವನು. ತಾನು ಒಮ್ಮೆ ಬರೆದದ್ದನ್ನು ಅಳಿಸುವವನಲ್ಲ ಎಂದೂ ಎಲ್ಲರೆದುರು ಎದೆ ತಟ್ಟಿ ಹೇಳಿ, ತೊಗಲು ತರಲು ಮದ್ರಾಸಿನ ರೈಲು ಹತ್ತಿದ್ದ. ಮರಳಿ ಬಂದದ್ದು ಈ ಗುರುವಾರ.

"ಎರಡೂ ಕಾಲು ಸೇರಿದರೆ ಚಪ್ಪಲಿ, ಅಲ್ವಾ?" ಸ್ಟ್ಯಾನಿಸ್ಲಾಸ್ ಕೂಗಿದ. "ದುಬೈಯ ಜನ ಕುಂಟಿಕೊಂಡು ಹೋಗುವುದಾ? ಬರುವ ಸೋಮವಾರ ಬೆಳಿಗ್ಗೆ ದುಬೈಯ ಮಾಲು ಒಯ್ಯಲು ಲಾರಿ ಬರ್ತದೆ!"

"ಆ ಒಂದು ರೂಪಾಯಿಯ ಕೆಲಸ ಹೊಸಬರಿಗೆ ಕೊಡಿ ಸರ್," ಎಂದಳು ಪಕ್ಕದ ಮಷೀನಿನ ವೆರೊನಿಕಾ. ದಿನಾ ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬರುವವಳು. ದನಿ ಇಗರ್ಜಿಯಲ್ಲಿ ಪ್ರಾರ್ಥನೆ ಹೇಳುವಷ್ಟು ಮೆತ್ತಗೆ. "ನಮಗೆ ಈಗ ಎಡಗಾಲಿನಲ್ಲೇ ಕೈ ಪಳಗಿದೆ."

"ಹಾಗಾ? ನಾಲ್ಕೂ ಜನರನ್ನು ಇವತ್ತೇ ಮನೆಗೆ ಕಳಿಸ್ತೇನೆ, ನೋಡಿ!"

ಸ್ಟ್ಯಾನಿಸ್ಲಾಸ್ ಫೋನಿನ ಹತ್ತಿರ ನಡೆದ. ಬಾಲಪ್ಪನಿಗೆ ಏನು ಹೇಳುವುದು, ಬಾಡಿಗೆ ಕೇಳುವ ಮನೆಯೊಡೆಯರಿಗೆ ಏನು ಹೇಳುವುದು ಎಂದು ಯೋಚಿಸುತ್ತ ಹನುಮವ್ವ ಮಷೀನಿನ ಚಕ್ರವನ್ನು ಗಟ್ಟಿಯಾಗಿ ಹಿಡಿದು ಕುಳಿತಳು. ಸ್ಟ್ಯಾನಿಸ್ಲಾಸ್ ಮಂಗಳೂರಿಗೆ ಒಂದು ಫೋನು ಮಾಡಿದ, ಕಾರ್ಕಳಕ್ಕೆ ಇನ್ನೊಂದು. ತೊಗಲು ಹೊಲಿಯಬಲ್ಲವರು ಹದಿನೈದು ದಿನಕ್ಕೆ ಮೊದಲು ಎಲ್ಲಿಯೂ ಸಿಗುವಂತಿರಲಿಲ್ಲ. ಮೂರನೆಯ ಫೋನಿಗೆ ಅವನ ದನಿಯೇ ಅಡಗಿತು.

ರಿಸೀವರ್ ಇಟ್ಟು ಬಂದು ಹಲಗೆಯ ಮುಂದೆ ನಿಂತ. ಅಳಿಸಿದರೆ ಮಾನ ಹೋಗುತ್ತದೆ, ಅಳಿಸದಿದ್ದರೆ ಲಾರಿ ಖಾಲಿ ಹೋಗುತ್ತದೆ. ತಲೆ ಕೆರೆದುಕೊಂಡ, ಕನ್ನಡಕ ಒರೆಸಿಕೊಂಡ. ಇದ್ದಕ್ಕಿದ್ದಂತೆ ಅವನ ಮುಖ ಅರಳಿತು. ಇದ್ದುದನ್ನು ಅಳಿಸದೆ ಅದರ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಬರೆದ: 'ಇಂದಿನಿಂದ ಮೊದಲನೆಯದು ಎಂದರೆ ಬಲಗಾಲು.'

"ಈಗ ಎಂತ ಮಾಡ್ತೀರಿ? ಎಡಗಾಲಿಗೆ ಇನ್ನು ಒಂದೇ ರೂಪಾಯಿ. ಎರಡು ರೂಪಾಯಿ ಬೇಕಾದರೆ ಬಲಗಾಲನ್ನೇ ಹೊಲಿಯಬೇಕು. ನನ್ನ ಹತ್ತಿರವಾ ನಿಮ್ಮ ಆಟ!"

ಹನುಮವ್ವ ಮನಸ್ಸಿನಲ್ಲೇ ಕೂಡಿಸಿದಳು. ಎಡಗಾಲೆಲ್ಲ ಎರಡು ರೂಪಾಯಿಯಂತೆ ಆಗಲೇ ಮುಗಿದಿದೆ. ಬಲಗಾಲಿಗೂ ಎರಡು. ಅಲ್ಲಿಗೆ ಜೊತೆಗೆ ಹಳೆಯ ನಾಲ್ಕೇ ಆಯಿತಲ್ಲ! "ಅಲ್ರೀ, ಹಂಗಾದ್ರ..." ಎಂದು ಬಾಯಿ ತೆರೆಯುವಷ್ಟರಲ್ಲಿ ವೆರೊನಿಕಾ ಮಷೀನಿನಡಿಯಲ್ಲಿ ಅವಳ ಪಾದವನ್ನು ಬಲವಾಗಿ ತುಳಿದಳು.

"ಹಂಗಾದ್ರ ಬಡವ್ರು ಹೆಂಗ್ರೀ ಬದುಕೂದು?" ಎಂದು ಹನುಮವ್ವ ಮಾತು ತಿರುಗಿಸಿ, ಸೆರಗಿನಿಂದ ಮೂಗೊರೆಸಿಕೊಂಡು ಬಲಗಾಲಿನ ಪಟ್ಟಿ ಎತ್ತಿಕೊಂಡಳು.

ಶನಿವಾರ ಸಂಜೆ ಕೊನೆಯ ಜೊತೆ ಪೆಟ್ಟಿಗೆ ಸೇರಿತು. ಸ್ಟ್ಯಾನಿಸ್ಲಾಸ್ ದುಬೈಯಲ್ಲಿದ್ದ ಭಾವನಿಗೆ ಫೋನಿನಲ್ಲಿ ಬೀಗುತ್ತ ಹೇಳುತ್ತಿದ್ದುದು ಇಡೀ ಶೆಡ್ಡಿಗೆ ಕೇಳಿಸಿತು: "ಒಂದು ಪೈಸೆ ಏರಿಸಲಿಲ್ಲ, ಗೊತ್ತುಂಟಾ? ಒಂದೇ ಒಂದು ಪೈಸೆ!" ನಾಲ್ವರೂ ತಲೆ ತಗ್ಗಿಸಿ ನೂಲಿನ ತುಂಡುಗಳನ್ನು ಗುಡಿಸಿದರು.

ತಗ್ಗಿದ ಆ ತಲೆಗಳನ್ನು ಕಂಡು ಅವನಿಗೆ ಏನನ್ನಿಸಿತೋ, ಹೆದ್ದಾರಿ ಬದಿಯ ಹೋಟೆಲಿಗೆ ತಾನೇ ಹೋಗಿ ಒಂದು ದೊಡ್ಡ ಪೊಟ್ಟಣ ಗೋಳಿಬಜೆ ಕಟ್ಟಿಸಿಕೊಂಡು ಬಂದ. "ತಿನ್ನಿ, ತಿನ್ನಿ. ವ್ಯಾಪಾರದಲ್ಲಿ ಸೋಲು ಗೆಲುವು ಉಂಟು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ವೆರೊನಿಕಾ ಗೋಡೆಯ ಕಡೆ ತಿರುಗಿ ನಿಂತಳು. ಹನುಮವ್ವ ನಗು ತಡೆಯಲಾರದೆ ಸುಡುಸುಡು ಬಜೆಯೊಂದನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ನಾಲಿಗೆ ಸುಟ್ಟು, ಉಸಿರು ಕಟ್ಟಿ, ಎರಡೂ ಕಣ್ಣುಗಳಿಂದ ಬಳಬಳನೆ ನೀರು ಸುರಿಯಿತು.

ಸ್ಟ್ಯಾನಿಸ್ಲಾಸನಿಗೆ ಅದನ್ನು ನೋಡಲಾಗಲಿಲ್ಲ.

"ಆಯ್ತು ಮಾರಾಯ್ತಿ, ಅಳಬೇಡ," ಎಂದ ಮೆಲ್ಲಗೆ. "ಮುಂದಿನ ಆರ್ಡರಿಗೆ ಪುನಃ ಎಡಗಾಲನ್ನೇ ಮೊದಲು ಮಾಡುವಾ."